ಅಕ್ಕಡಿ ಸಾಲು ಮತ್ತು ಗೋಡೆಯ ವೇಳಾಪಟ್ಟಿ

ಕೋಲಾರದ ಬಾಡಿಗೆ ಕೋಣೆಯೊಂದರಲ್ಲಿ ಕೆಎಎಸ್ ಪರೀಕ್ಷೆಗೆ ಓದುತ್ತಿರುವ ನನ್ನ ಸೋದರಳಿಯ ಗೋಡೆಗೆ ಅಂಟಿಸಿಕೊಂಡಿದ್ದ ವೇಳಾಪಟ್ಟಿ ಬೆಳಗಿನ 4.30ಕ್ಕೆ ಶುರುವಾಗಿ ರಾತ್ರಿ 10.45ಕ್ಕೆ ಮುಗಿಯುತ್ತಿತ್ತು, ಮೂರು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದಿದ್ದ ಅದರಲ್ಲಿ ಅರ್ಧ ಗಂಟೆಯೂ ಖಾಲಿ ಇರಲಿಲ್ಲ. ಮೂರನೆಯ ದಿನ ಅಜ್ಜಿಗೆ ಜ್ವರವೆಂದು ಊರಿಗೆ ಹೋದ, ಪಟ್ಟಿಯ ಆಯುಸ್ಸು ಅಲ್ಲಿಗೆ ತೀರಿತು. ಅವನ ಜೊತೆಗಾರನಾದರೋ ಎಲ್ಲಕ್ಕೂ 'ನೋಡೋಣ ಬಿಡು' ಎನ್ನುವವನು. ಇಬ್ಬರಿಗೂ ಹಿರಿಯರು ಹೇಳಿದ್ದು ಒಂದೇ ಮಾತು: ಗುರುಬಲ ಬಂದರೆ ಎಲ್ಲ ತಾನಾಗಿ ಕೂಡಿಬರುತ್ತದೆ. ಗುರುಗ್ರಹ ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ ಹಿಡಿಯುವುದರಿಂದ ಒಂದೊಂದು ರಾಶಿಯಲ್ಲಿ ವರ್ಷದಷ್ಟು ಕಾಲ ಕಾಣಿಸುತ್ತದೆ. ಆ ಲೆಕ್ಕದಲ್ಲಿ ಒಂದೇ ರಾಶಿಯ ಅಭ್ಯರ್ಥಿಗಳೆಲ್ಲ ಒಂದೇ ವರ್ಷ ತಹಶೀಲ್ದಾರರಾಗಬೇಕಿತ್ತು.

ಪಟ್ಟಿ ಸೋತದ್ದಕ್ಕೆ ಗ್ರಹ ಕಾರಣವಲ್ಲ, ಸೋಮಾರಿತನವೂ ಅಲ್ಲ. ಕೆಲಸಕ್ಕೆ ಹಿಡಿಯುವ ಸಮಯವನ್ನು ಕಡಿಮೆಯೆಂದೇ ಅಂದಾಜಿಸುವ ಮನುಷ್ಯರ ಈ ಗುಣವನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ಯೋಜನೆಯ ಭ್ರಮೆ ಎಂದು ಗುರುತಿಸಿದರು. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧಕ್ಕೆ ಸರಾಸರಿ 34 ದಿನ ಸಾಕೆಂದಿದ್ದರು. ಹಿಡಿದದ್ದು 55 ದಿನಕ್ಕೂ ಹೆಚ್ಚು. ಎಲ್ಲವೂ ಕೈಕೊಟ್ಟರೆ ಎಷ್ಟು ದಿನ ಬೇಕಾದೀತು ಎಂದು ಕೇಳಿದಾಗ ಅವರು ಕೊಟ್ಟ ಅಂದಾಜು ಕೂಡ ಸಾಲಲಿಲ್ಲ.

ಇದಕ್ಕೆ ಮದ್ದು ನಮ್ಮ ಹೊಲದಲ್ಲೇ ಇದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯ ರೈತ ರಾಗಿಯನ್ನೇ ನಂಬಿದರೂ ಹೊಲವನ್ನೆಲ್ಲ ಅದಕ್ಕೇ ಬಿಟ್ಟುಕೊಡದೆ, ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕುತ್ತಾನೆ. ನಡುವೆ ಮಳೆ ಕೈಕೊಟ್ಟು ರಾಗಿ ಬಾಡಿದರೂ ಆಳಕ್ಕೆ ಬೇರು ಬಿಡುವ ತೊಗರಿ ತಡೆದುಕೊಳ್ಳುತ್ತದೆ.

ಮರುಭೂಮಿಯ ಗಿಡಗಳು ಇದೇ ಜಾಣತನವನ್ನು ಬೀಜದೊಳಗೇ ಇಟ್ಟುಕೊಂಡಿವೆ ಎಂಬುದನ್ನು ಜೀವವಿಜ್ಞಾನಿ ಡ್ಯಾನ್ ಕೋಹೆನ್ 1966ರಲ್ಲಿ ಗಣಿತದಿಂದ ತೋರಿಸಿದರು. ನನಗೆ ಅತ್ಯಂತ ಪ್ರಿಯವಾದ ಲೆಕ್ಕವಿದು. ನೂರು ಬೀಜಗಳಿವೆ, ಒಳ್ಳೆಯ ವರ್ಷ ಮೊಳೆತ ಒಂದೊಂದು ಬೀಜ ನಾಲ್ಕಾಗುತ್ತದೆ, ಬರದಲ್ಲಿ ಮೊಳೆತದ್ದೆಲ್ಲ ಸಾಯುತ್ತದೆ ಎಂದುಕೊಳ್ಳಿ. ಎಲ್ಲವೂ ಒಟ್ಟಿಗೆ ಮೊಳೆತರೆ ಮೊದಲ ವರ್ಷ 400, ಮರುವರ್ಷ ಬರ ಬಿದ್ದರೆ ಸೊನ್ನೆ. ಯಾವುದೂ ಮೊಳೆಯದಿದ್ದರೆ ನೂರು ನೂರಾಗಿಯೇ ಉಳಿಯುತ್ತದೆ. 'ನೋಡೋಣ ಬಿಡು' ಎನ್ನುವವನ ಸ್ಥಿತಿ ಅದು. ಅರ್ಧ ಮಾತ್ರ ಮೊಳೆತು ಅರ್ಧ ಮಣ್ಣಲ್ಲೇ ಮಲಗಿದರೆ ಮೊದಲ ವರ್ಷ 250, ಬರದ ನಂತರವೂ 125. ಗಳಿಕೆ ವರ್ಷದಿಂದ ವರ್ಷಕ್ಕೆ ಗುಣಾಕಾರವಾಗಿ ಬೆಳೆಯುವಲ್ಲಿ ಒಂದೇ ಒಂದು ಸೊನ್ನೆ ಹಿಂದಿನದನ್ನೆಲ್ಲ ಅಳಿಸಿಹಾಕುತ್ತದೆ. ಒಲೆಯ ಮೇಲೆ ಹಾಲು ಕಾಯಿಸುವವರು ಪಾತ್ರೆಯನ್ನು ಕಂಠಮಟ್ಟ ತುಂಬದಿರುವುದೂ, ಮಗ್ಗದ ನೂಲನ್ನು ತುಂಡಾಗುವಷ್ಟು ಬಿಗಿಯದಿರುವುದೂ ಇದೇ ಜಾತಿಯ ವಿವೇಕ.

ಎಷ್ಟು ಬೀಜ ಮೊಳೆಯಬೇಕೆಂಬುದು ಮಳೆಯ ಖಾತರಿಯನ್ನು ಅವಲಂಬಿಸುತ್ತದೆ; ಮಳೆ ಖಚಿತವಿರುವ ಕಡೆ ಬೀಜ ಕಾಯ್ದಿಡುವುದೇ ನಷ್ಟ. ಹಾಗಾಗಿ ಅರ್ಜಿಯ ಕೊನೆಯ ದಿನಾಂಕ, ಶುಲ್ಕ, ಪರೀಕ್ಷೆಯ ತಾರೀಕುಗಳ ವಿಷಯದಲ್ಲಿ 'ನೋಡೋಣ' ಎನ್ನುವುದಕ್ಕೆ ಅರ್ಥವಿಲ್ಲ. ಇಪ್ಪತ್ತೆರಡರ ಪ್ರಾಯದವರು ಮೂವತ್ತರವರೆಗಿನ ಪ್ರತಿ ಮೆಟ್ಟಿಲನ್ನೂ ಇಂದೇ ಬರೆದಿಡುವುದಕ್ಕೂ ಅಷ್ಟೇ ಅರ್ಥವಿಲ್ಲ.

ಸೋದರಳಿಯನ ಹೊಸ ಪಟ್ಟಿಯಲ್ಲಿ ಪ್ರತಿದಿನ ಎರಡು ಚೌಕ ಖಾಲಿ ಇವೆ, ಭಾನುವಾರ ಮಧ್ಯಾಹ್ನವಂತೂ ಪೂರ್ತಿ ಬಿಳಿ. ಕಳೆದ ವಾರ ಅದರಲ್ಲಿ ಜೊತೆಗಾರನ ಬೈಕಿನಲ್ಲಿ ಅಂತರಗಂಗೆ ಬೆಟ್ಟಕ್ಕೆ ಹೋಗಿಬಂದಿದ್ದಾನೆ.