ಸೋರುವ ಶಾಲೆಗೆ ಊರ ವಂತಿಗೆ: ಕಟ್ಟುಪಾಡು ಎಲ್ಲಿರಬೇಕು?

ಮೂಡಿಗೆರೆ, ಸಕಲೇಶಪುರ ಸೀಮೆಯಲ್ಲಿ ಶಾಲೆಯ ಹೆಂಚು ಹಾರಿದರೆ, ಹಳ್ಳದ ಕಾಲುಸಂಕ ಕೊಚ್ಚಿಹೋದರೆ, ಅನುದಾನ ಬರುವಷ್ಟರಲ್ಲಿ ಎಷ್ಟೋ ಸಲ ಇನ್ನೊಂದು ಮಳೆಗಾಲ ಬಂದಿರುತ್ತದೆ. ಕಾಫಿ ಮಾರಿದ ದುಡ್ಡು ಕೈಯಲ್ಲಿರುವಾಗ ಊರವರೇ ವಂತಿಗೆ ಎತ್ತುತ್ತಾರೆ. ಇಲ್ಲಿ ತಡೆಯಬೇಕಾದ್ದು ಎರಡು: ಬಲವಂತ, ಮತ್ತು ಒಂದೇ ಕೆಲಸಕ್ಕೆ ಎರಡು ಬಿಲ್.

ಬಲವಂತದ್ದು ಬೇಗ ಮುಗಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಪ್ರವೇಶದ ವೇಳೆ ವಂತಿಗೆ ಕೇಳುವುದನ್ನು ನಿಷೇಧಿಸುತ್ತದೆ. 2022ರ ಅಕ್ಟೋಬರ್‌ನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಶಿಕ್ಷಣ ಇಲಾಖೆ ಎಸ್‌ಡಿಎಂಸಿಗಳಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸುತ್ತೋಲೆ ಕಳಿಸಿತ್ತು. ಸ್ವಇಚ್ಛೆಯದೆಂದು ಬರೆದಿದ್ದರೂ ವಿರೋಧ ಎದ್ದು, ಕೆಲವೇ ದಿನಗಳಲ್ಲಿ ವಾಪಸ್ ಪಡೆಯಿತು. ದರ ಗೊತ್ತುಮಾಡಿ ಮೇಷ್ಟರ ಕೈಗೆ ಪಟ್ಟಿ ಕೊಟ್ಟರೆ ಬಡ ಪೋಷಕರಿಗೆ ಅದು ಫೀಸೇ.

ಎರಡು ಬಿಲ್ಲಿನ ಕಥೆ ಕಷ್ಟದ್ದು. ಊರವರ ದುಡ್ಡಿನಲ್ಲಿ ಮುಗಿದ ಚಾವಣಿ ಪಂಚಾಯಿತಿ ಕ್ರಿಯಾಯೋಜನೆಯಲ್ಲೂ ಇದ್ದರೆ, ಹಳೇ ಫೋಟೊ ತೋರಿಸಿ ಹಣ ಎತ್ತುವ ದಾರಿ ತೆರೆದೇ ಇರುತ್ತದೆ. ಆದ್ದರಿಂದ ಮೊದಲು ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಲಿಖಿತವಾಗಿ ಕೇಳಿ: ಈ ಕೆಲಸ ಯೋಜನೆಯಲ್ಲಿದೆಯೇ? ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. 30 ದಿನದ ಗಡುವು ಉಂಟು. ಗ್ರಾಮಸಭೆಯ ನಡಾವಳಿಯಲ್ಲಿ ಅಂದಾಜು ಮೊತ್ತ, ವಂತಿಗೆ ಪಾಲು, ಮಿಕ್ಕ ಹಣ ಎಲ್ಲಿಗೆ ಎಂಬುದನ್ನು ವಂತಿಗೆ ಎತ್ತುವ ಮೊದಲೇ ಬರೆಸಿ. ಮಿಕ್ಕ ಹಣಕ್ಕೇ ಜಗಳ ಜಾಸ್ತಿ.

ಹಣ ಯಾರೊಬ್ಬರ ಫೋನ್‌ಪೇಗೂ ಬೀಳಬಾರದು. ಕೂಲಿ ದುಡ್ಡು, ರೀಚಾರ್ಜ್, ವಂತಿಗೆ ಎಲ್ಲ ಒಂದೇ ಸ್ಟೇಟ್‌ಮೆಂಟಿನಲ್ಲಿ ಕಲಸಿಹೋದರೆ ಪ್ರಾಮಾಣಿಕನಿಗೂ ಲೆಕ್ಕ ಒಪ್ಪಿಸಲಾಗದು. ಜಂಟಿ ಖಾತೆ, ಇಬ್ಬರ ಸಹಿ, ಕ್ರಮಸಂಖ್ಯೆ ಮುದ್ರಿಸಿದ ರಸೀದಿ ಪುಸ್ತಕ. ಯಾವ ಪುಸ್ತಕ ಯಾರ ಕೈಯಲ್ಲಿದೆ ಎಂದು ವಹಿಯಲ್ಲಿ ಸಹಿ ಹಾಕಿಸಿ. ರದ್ದಾದ ರಸೀದಿ ಬಿಸಾಡದೆ ಅದರ ಕೌಂಟರ್‌ಫಾಯಿಲ್‌ಗೇ ಪಿನ್ ಹೊಡೆಯಿರಿ.

ವರ್ಷವರ್ಷವೂ ಎತ್ತುವುದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ನೋಂದಾಯಿಸಬಹುದು. ನೋಂದಣಿ ಆಯಿತೆಂದು ದೇಣಿಗೆ ಕೊಟ್ಟವರಿಗೆ ಸಿಗುವ 80ಜಿ ಆದಾಯ ತೆರಿಗೆ ರಿಯಾಯಿತಿ ತಾನಾಗಿ ಬರುವುದಿಲ್ಲ, ಅದಕ್ಕೆ ಬೇರೆ ಅರ್ಜಿ. ಸಿಕ್ಕರೂ 2000 ರೂಪಾಯಿ ಮೀರಿದ ನಗದು ದೇಣಿಗೆಗೆ ಅನ್ವಯಿಸದು; ವಸ್ತುರೂಪದ್ದಕ್ಕಂತೂ ಇಲ್ಲವೇ ಇಲ್ಲ.

ವಸ್ತುರೂಪ ಎಂದರೆ ನಮ್ಮಲ್ಲಿ ಹೆಚ್ಚಾಗಿ ತೋಟದ ಮರ. ಸಿಲ್ವರ್ ಓಕ್ ಕಡಿಯಲು ವಿನಾಯಿತಿ ಇದೆ. ಬೀಟೆ, ತೇಗ ಕೊಡುತ್ತೇವೆಂದರೆ ಅರಣ್ಯ ಇಲಾಖೆಯ ಅನುಮತಿ ಪತ್ರ ನೋಡದೆ ಒಂದು ತೊಲೆಯನ್ನೂ ಶಾಲೆಯ ಅಂಗಳದಲ್ಲಿ ಇಳಿಸಿಕೊಳ್ಳಬೇಡಿ.