ಹ್ಯಾಮಕ್ ಸ್ಟ್ಯಾಂಡ್ ಮುರಿಯುವುದು ಎಲ್ಲಿ?

ಹ್ಯಾಮಕ್ ಎಂದರೆ ಎರಡು ತುದಿ ಕಟ್ಟಿ ಮಲಗುವ ಬಟ್ಟೆಯ ತೂಗುಹಾಸಿಗೆ. ಅದನ್ನು ಕಟ್ಟುವ ಸ್ಟ್ಯಾಂಡುಗಳು ಮುರಿದು ರಿಪೇರಿಗೆಂದು ನನ್ನ ಮರಗೆಲಸದ ಶೆಡ್ಡಿಗೆ ಬರುತ್ತಲೇ ಇರುತ್ತವೆ. ಹೆಚ್ಚಿನವು ಮಲೆನಾಡಿನ ಹೋಂಸ್ಟೇಗಳವು, ಕೆಲವು ಕಾರಿನ ಮೇಲೆ ಕಟ್ಟಿಕೊಂಡು ಕ್ಯಾಂಪಿಂಗ್‌ಗೆ ಹೋಗುವವರವು. ಮರ ಯಾವುದೇ ಇರಲಿ, ಬಿರುಕು ಮಾತ್ರ ಒಂದೇ ಜಾಗದಲ್ಲಿ. ಕಂಬದ ಬುಡದ ಬೋಲ್ಟಿನ ತೂತಿನಿಂದ ಹೊರಟು, ನಾರಿನ ಗುಂಟ ಮೇಲಕ್ಕೆ ಓಡಿರುತ್ತದೆ. ವಾಷರ್ ಹಾಕದ ಬೋಲ್ಟಿನ ತಲೆ ಮರದೊಳಗೆ ಅರ್ಧ ಹೂತಿರುತ್ತದೆ. ದುಂಡಗೆ ಕೊರೆದ ತೂತು ಒಂದು ಕಡೆಗೆ ಜಗ್ಗಿ ಉದ್ದವಾಗಿರುತ್ತದೆ. ತಂದವರ ಮಾತೂ ಒಂದೇ: "ಮರ ಸರಿ ಇರಲಿಲ್ಲ, ಈ ಸಲ ತೇಗದಲ್ಲೇ ಮಾಡಿಕೊಡಿ." ತೇಗದಲ್ಲಿ ಮಾಡಿಕೊಟ್ಟರೂ ಅದು ಅಲ್ಲೇ ಬಿರಿಯುತ್ತದೆ, ಸ್ವಲ್ಪ ತಡವಾಗಿ ಅಷ್ಟೆ. ದೋಷವಿರುವುದು ಚೌಕಟ್ಟಿನ ರಚನೆಯಲ್ಲಿ.

ಗದ್ದೆಯ ಬದಿಯಲ್ಲಿ, ಕಟ್ಟಡದ ಕೆಲಸ ನಡೆಯುವಲ್ಲಿ ತಾಯಂದಿರು ಮೂರು ಕೋಲು ಕೂಡಿಸಿ ಕಟ್ಟಿ, ಸೀರೆಯ ಜೋಲಿಯಲ್ಲಿ ಮಗುವನ್ನು ಮಲಗಿಸುವುದನ್ನು ನಾವೆಲ್ಲ ನೋಡಿದ್ದೇವೆ. ಸೀರೆಯ ಎರಡು ತುದಿಗಳೂ ಒಂದೇ ಗಂಟಿಗೆ ಸೇರುವುದರಿಂದ ಭಾರವೆಲ್ಲ ನೆಟ್ಟಗೆ ನೆಲಕ್ಕಿಳಿಯುತ್ತದೆ, ಸಣ್ಣ ಕೋಲುಗಳೂ ತಡೆಯುತ್ತವೆ. ಹ್ಯಾಮಕ್‌ನ ಎರಡು ತುದಿಗಳು ಒಂಬತ್ತು ಅಡಿ ದೂರ ದೂರ ಇರುತ್ತವೆ. ಮಲಗಿದವರ ತೂಕ ಕೆಳಗೆ ಜಗ್ಗುವುದರ ಜೊತೆಗೆ ಎರಡು ತುದಿಗಳನ್ನೂ ಒಂದರ ಕಡೆಗೆ ಇನ್ನೊಂದನ್ನು ಎಳೆಯುತ್ತದೆ. ಕಂಬದ ಬುಡ ಮುರಿಯುವುದು ಈ ಒಳಸೆಳೆತಕ್ಕೆ.

ಲೆಕ್ಕ ಕಷ್ಟದ್ದಲ್ಲ. 80 ಕೆ.ಜಿ. ತೂಕದ ವ್ಯಕ್ತಿ ಮಲಗಿದಾಗ ಹಗ್ಗ ಅಡ್ಡಗೆರೆಯಿಂದ 30 ಡಿಗ್ರಿ ಕೆಳಕ್ಕೆ ಇಳಿದಿದ್ದರೆ ಪ್ರತಿ ಹಗ್ಗದ ಬಿಗಿತ 80 ಕೆ.ಜಿ. ಹಗ್ಗವನ್ನು ಬಿಗಿದು 10 ಡಿಗ್ರಿಗೆ ತಂದರೆ ಅದು 230 ಕೆ.ಜಿ. ಆಗುತ್ತದೆ. 5 ಡಿಗ್ರಿಗೆ ಇಳಿಸಿದರೆ 450 ದಾಟುತ್ತದೆ. ಹ್ಯಾಮಕ್ ಹಾಸಿಗೆಯ ಹಾಗೆ ಸಮತಟ್ಟಾಗಿರಲಿ ಎಂದು ಎಳೆದು ಕಟ್ಟುವವರು ಗೊತ್ತಿಲ್ಲದೆ ಮೂರು ನಾಲ್ಕು ಜನರ ಭಾರವನ್ನು ಒಬ್ಬರೇ ಹೇರುತ್ತಾರೆ. ಸಡಿಲವಾಗಿ ಕಟ್ಟಿ, ಬಟ್ಟೆಯಲ್ಲಿ ಸ್ವಲ್ಪ ಓರೆಯಾಗಿ ಮಲಗಿದರೆ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

30 ಡಿಗ್ರಿಯಲ್ಲಿ ಕಟ್ಟಿದರೂ ಒಳಕ್ಕೆ ಸೆಳೆಯುವ ಬಲ ಸುಮಾರು 70 ಕೆ.ಜಿ. ನಾಲ್ಕು ಅಡಿ ಎತ್ತರದ ಕಂಬವನ್ನು ಬುಡದಲ್ಲಿ ಅರ್ಧ ಅಡಿ ಅಂತರದ ಎರಡು ಬೋಲ್ಟುಗಳಿಂದ ಹಿಡಿದಿದ್ದರೆ, ಕಂಬವೇ ಸನ್ನೆಗೋಲಾಗಿ ಒಂದೊಂದು ಬೋಲ್ಟಿನ ಮೇಲೂ 500 ಕೆ.ಜಿ.ಗೂ ಹೆಚ್ಚು ಒತ್ತಡ ಬೀಳುತ್ತದೆ. ದೊಪ್ಪನೆ ಕುಳಿತರೆ ಅದರ ಎರಡು ಪಟ್ಟು. ಮರ ನಾರಿಗೆ ಅಡ್ಡಲಾಗಿ ಬಹಳ ದುರ್ಬಲ, ಆ ಒತ್ತಡ ಬೀಳುವುದೂ ಅಡ್ಡಲಾಗಿಯೇ.

ಹಾಗಾದರೆ ಮರ ಯಾವುದರಲ್ಲಿ ಬಲಶಾಲಿ? ಉದ್ದಕ್ಕೆ ಒತ್ತಿಸಿಕೊಳ್ಳುವುದರಲ್ಲಿ. ಕ್ಯಾಂಪಿಂಗ್‌ಗೆ ನಾನು ಮಾಡಿಕೊಡುವುದು ಆ ಗುಣವನ್ನೇ ನೆಚ್ಚಿಕೊಂಡ ಸ್ಟ್ಯಾಂಡ್: ಎರಡು ಮುಕ್ಕಾಲಿಗಳು, ಅವುಗಳ ಕವಲಿನ ಮೇಲೆ ಹತ್ತು ಅಡಿಯ ಒಂದು ತೊಲೆ, ತೊಲೆಯ ಎರಡು ತುದಿಗಳಿಗೆ ಹ್ಯಾಮಕ್. ಒಳಸೆಳೆತವನ್ನೆಲ್ಲ ತೊಲೆ ತನ್ನ ಉದ್ದದಲ್ಲೇ ನುಂಗಿಕೊಳ್ಳುತ್ತದೆ. ಮುಕ್ಕಾಲಿಗಳಿಗೆ ಉಳಿಯುವುದು ಬರೀ ತೂಕ, ಅದೂ ಆರು ಕಾಲುಗಳಿಗೆ ಹಂಚಿಹೋಗುತ್ತದೆ. ಒಂದೂವರೆ ಅಂಗುಲ ದಪ್ಪದ ಕಾಲುಗಳು ಧಾರಾಳವಾಗಿ ಸಾಕು.

ಕಾಲು ಒಂದೊಂದೂ ಆರೂವರೆ ಅಡಿ ಇರಲಿ. ಮೂರನ್ನು ಪಕ್ಕಪಕ್ಕದಲ್ಲಿ ಮಲಗಿಸಿ, ತುದಿಯಿಂದ ಮುಕ್ಕಾಲು ಅಡಿ ಬಿಟ್ಟು, ಹಗ್ಗವನ್ನು ಒಂದರ ಮೇಲೆ ಇನ್ನೊಂದರ ಕೆಳಗೆ ಹಾಯಿಸಿ ಏಳೆಂಟು ಸುತ್ತು ಹೆಣೆಯಿರಿ. ಆಮೇಲೆ ಕಾಲುಗಳ ಸಂದಿಯಲ್ಲಿ ಎರಡು ಅಡ್ಡಸುತ್ತು ಹಾಕಿ ಬಿಗಿಯಿರಿ. ಕಾಲುಗಳನ್ನು ಅಗಲಿಸಿದಂತೆ ಕಟ್ಟು ತಾನೇ ಬಿಗಿಯಾಗುತ್ತದೆ. ಎಷ್ಟು ಅಗಲಿಸಬೇಕೆಂಬುದಕ್ಕೆ ಸುಲಭದ ಅಳತೆಯಿದೆ: ನೆಲದಿಂದ ಕವಲಿನ ಎತ್ತರ ಎಷ್ಟೋ, ಎರಡು ಪಾದಗಳ ನಡುವಿನ ಅಂತರವೂ ಅಷ್ಟೇ ಇರಬೇಕು. ಈ ಕಾಲುಗಳಿಗೆ ಎರಡೂ ಹೆಚ್ಚು ಕಡಿಮೆ ಐದು ಅಡಿಯಾಗುತ್ತವೆ. ಹನ್ನೊಂದು ಅಡಿಯ ಹ್ಯಾಮಕ್ ಆಗ ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಕೂರುತ್ತದೆ. ಅದಕ್ಕಿಂತ ಎತ್ತರಕ್ಕೆ ನೇತುಹಾಕಲು ನಾನು ಒಪ್ಪುವುದಿಲ್ಲ.

ಗಮನವೆಲ್ಲ ತೊಲೆಯ ಮೇಲಿರಲಿ. ಉದ್ದನೆಯ ಮರವನ್ನು ಎರಡೂ ತುದಿಯಿಂದ ಒತ್ತಿದರೆ ಅದು ಜಜ್ಜಿಹೋಗುವ ಮೊದಲೇ ನಡುವೆ ಬಾಗಿ ಮುರಿಯುತ್ತದೆ. ಬಾಗದೆ ನಿಲ್ಲುವ ಶಕ್ತಿ ದಪ್ಪದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ವ್ಯಾಸ ಎರಡರಷ್ಟಾದರೆ ಬಲ 16 ಪಟ್ಟು. ಚೆನ್ನಾಗಿ ಒಣಗಿದ, ನೆಟ್ಟಗಿನ ಹತ್ತು ಅಡಿ ಗಳ 40 ಮಿ.ಮೀ. ದಪ್ಪವಿದ್ದರೆ ಸುಮಾರು 140 ಕೆ.ಜಿ.ಗೆ ಬಾಗಿಬಿಡುತ್ತದೆ. ಒಬ್ಬರು ದೊಪ್ಪನೆ ಕುಳಿತಾಗ ಬೀಳುವ ಬಲವೂ ಅಷ್ಟೇ. 50 ಮಿ.ಮೀ. ಆದರೆ 340 ಕೆ.ಜಿ.ವರೆಗೆ ತಡೆಯುತ್ತದೆ. ಒಂದು ಸೆಂಟಿಮೀಟರಿನಲ್ಲಿ ಇಷ್ಟು ವ್ಯತ್ಯಾಸವಿರುವಾಗ ಹಗುರವಾಗಲೆಂದು ಅಲ್ಲಿ ಕೆತ್ತಿ ತೆಳ್ಳಗೆ ಮಾಡಬೇಡಿ. ಈ ತೊಲೆ ಮಲಗಿದವರ ಮುಖದ ಮೇಲೆಯೇ ಇರುತ್ತದೆ ಎಂಬುದು ನೆನಪಿರಲಿ.

ಹತ್ತು ಅಡಿಯ ತೊಲೆ ಕಾರಿನೊಳಗೆ ಹಿಡಿಯುವುದಿಲ್ಲ, ಕತ್ತರಿಸಿ ಜೋಡಿಸಲೇಬೇಕು. ಎಲ್ಲರೂ ನಟ್ಟನಡುವೆ ಕತ್ತರಿಸುತ್ತಾರೆ. ಆದರೆ ಬಾಗುವ ಬಲ ಅತಿ ಹೆಚ್ಚಿರುವುದು ಅಲ್ಲಿಯೇ. ಆರೂವರೆ ಅಡಿಯ ಕಾಲುಗಳನ್ನು ಹೇಗೂ ಒಯ್ಯುತ್ತೀರಿ, ಆದ್ದರಿಂದ ತೊಲೆಯನ್ನು ಆರೂವರೆ ಮತ್ತು ಮೂರೂವರೆ ಅಡಿಯ ತುಂಡುಗಳಾಗಿ ಮಾಡಿ. ಒಯ್ಯುವ ಕಟ್ಟಿನ ಉದ್ದ ಬೆಳೆಯುವುದಿಲ್ಲ, ಜೋಡಣೆ ನಡುಭಾಗದಿಂದ ದೂರ ಸರಿಯುತ್ತದೆ. ಜೋಡಿಸಲು ಎರಡಂಗುಲದ ಜಿಐ (ಸತು ಲೇಪಿತ ಕಬ್ಬಿಣದ) ಪೈಪಿನ ತುಂಡು ಚೆನ್ನಾಗಿ ಹೊಂದುತ್ತದೆ, ಅದರ ಒಳವ್ಯಾಸ ಸುಮಾರು 53 ಮಿ.ಮೀ. ಪೈಪ್ ಒಂದೂವರೆ ಅಡಿಗಿಂತ ಗಿಡ್ಡವಾಗದಿರಲಿ. ಮರದ ತುದಿಗಳನ್ನು ಪೈಪಿನಲ್ಲಿ ಅಲುಗಾಡದಂತೆ ಕೂರುವ ಹಾಗೆ ಕೀಸಿ. ಎರಡು ತುಂಡುಗಳ ಮುಖಗಳು ಒಳಗೆ ಪೂರ್ತಿ ತಾಗಬೇಕು, ಸಂದಿ ಉಳಿದರೆ ಭಾರ ಒಂದು ಅಂಚಿನ ಮೇಲೆ ಬಿದ್ದು ಮರ ಸೀಳುತ್ತದೆ.

ಹ್ಯಾಮಕ್‌ನ ಹಗ್ಗ ಒಳಕ್ಕೆ ಜಾರದಂತೆ ತೊಲೆಯ ತುದಿಯಿಂದ ಐದು ಅಂಗುಲ ಬಿಟ್ಟು ಒಂದು ಬೋಲ್ಟನ್ನು ಆರಪಾರ ಕೊರೆದು ಹಾಕಿ, ಹಗ್ಗದ ಕುಣಿಕೆಯನ್ನು ಅದರ ಹೊರಬದಿಗೆ ಸುತ್ತಿ. ಕುಣಿಕೆ ಮುಕ್ಕಾಲಿಯ ಕವಲಿಗೆ ಅಂಟಿಕೊಂಡಂತಿರಲಿ. ಒಂದು ಅಡಿ ಒಳಗೆ ಕಟ್ಟಿದರೂ ತೊಲೆ ಕೆಳಕ್ಕೂ ಬಾಗತೊಡಗುತ್ತದೆ, ನಮ್ಮ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಮರದ ವಿಷಯದಲ್ಲಿ ನನಗೆ ಸರ್ವೆ ಗಳಗಳ ಮೇಲೆ ಪ್ರೀತಿ ಹೆಚ್ಚು. ನೆಟ್ಟಗಿರುತ್ತವೆ, ಗಟ್ಟಿ, ಬೆಲೆಯೂ ಕಡಿಮೆ. ಒಂದೇ ಎಚ್ಚರಿಕೆಯೆಂದರೆ ಹಸಿ ಗಳ ಒಣಗುವಾಗ ಸೀಳುತ್ತದೆ. ಕೊಯ್ದ ತುದಿಗಳಿಗೆ ಬಣ್ಣ ಬಳಿದು, ನೆರಳಿನಲ್ಲಿ ಎರಡು ಮೂರು ತಿಂಗಳು ಮಲಗಿಸಿಡಿ. ಕಾಫಿ ತೋಟದವರ ಬಳಿ ಸಿಲ್ವರ್ ಓಕ್ ಸುಲಭವಾಗಿ ಸಿಗುತ್ತದೆ. ಹೊತ್ತೊಯ್ಯಲು ಅದು ಹಗುರ, ಆದರೆ ತೊಲೆಯನ್ನು ಅರ್ಧ ಅಂಗುಲ ಹೆಚ್ಚು ದಪ್ಪ ಮಾಡಿ, ಪೈಪನ್ನೂ ಅದಕ್ಕೆ ತಕ್ಕಂತೆ ದೊಡ್ಡದು ಆರಿಸಿ. ನಡುಭಾಗದಲ್ಲಿ ಗಂಟು ಇರುವ ಗಳ ಯಾವ ಜಾತಿಯದ್ದಾದರೂ ಬೇಡ. ಕೊಳ್ಳುವಾಗ ಒಂದು ತುದಿಗೆ ಕಣ್ಣಿಟ್ಟು ಉದ್ದಕ್ಕೂ ನೋಡಿ, ಗಳವನ್ನು ನಿಧಾನವಾಗಿ ತಿರುಗಿಸಿ. ಡೊಂಕು ಅಲ್ಲೇ ಗೊತ್ತಾಗುತ್ತದೆ. ಅಗಸೆ ಎಣ್ಣೆ ಒರೆಸಿದರೆ ಮಳೆಗೆ ಸ್ವಲ್ಪ ರಕ್ಷಣೆ. ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಿ.

ಹುಲ್ಲುಗಾವಲಿನಲ್ಲಿ ಕಾಲುಗಳು ಮಣ್ಣು ಕಚ್ಚಿಕೊಳ್ಳುತ್ತವೆ. ಬಂಡೆ, ಸಿಮೆಂಟು ಅಥವಾ ಟೈಲ್ಸ್ ಮೇಲೆ ಜಾರುತ್ತವೆ, ಅಲ್ಲಿ ಮೂರೂ ಪಾದಗಳನ್ನು ಸುತ್ತಲೂ ಹಗ್ಗದಿಂದ ಬಿಗಿಯಲೇಬೇಕು. ಮಕ್ಕಳು ಇದನ್ನು ಉಯ್ಯಾಲೆ ಮಾಡಿಕೊಳ್ಳದಂತೆಯೂ ನೋಡಿಕೊಳ್ಳಿ. ಅಡ್ಡಡ್ಡ ಜೋರಾಗಿ ತೂಗುವುದಕ್ಕೆ ಈ ರಚನೆ ಮಾಡಿದ್ದಲ್ಲ.

ಮನುಷ್ಯರು ಮಲಗುವ ಮೊದಲು ನೀರು ಮಲಗಲಿ. 20 ಲೀಟರಿನ ಎಂಟು ಕ್ಯಾನುಗಳನ್ನು ಒಂದೊಂದಾಗಿ ಹ್ಯಾಮಕ್‌ನಲ್ಲಿ ಇಟ್ಟರೆ 160 ಕೆ.ಜಿ. ಆಯಿತು. ಇಡುವಾಗ ತೊಲೆಯ ಕೆಳಗೆ ಯಾರೂ ಕೈ, ತಲೆ ಚಾಚಬಾರದು. ತೊಲೆಗೆ ಸಮನಾಗಿ ಒಂದು ದಾರ ಎಳೆದು ಕಟ್ಟಿ, ಇಡೀ ರಾತ್ರಿ ಬಿಡಿ. ಬೆಳಿಗ್ಗೆ ದಾರಕ್ಕೂ ನಡುಭಾಗಕ್ಕೂ ಇರುವ ಅಂತರ ಸಂಜೆಯಷ್ಟೇ ಇದ್ದರೆ ತೊಲೆ ಸರಿ. ಬೆರಳಿನ ದಪ್ಪದಷ್ಟು ಬದಲಾಗಿದ್ದರೆ ಆ ಗಳವನ್ನು ಕಾಲಿಗೆ ಬಳಸಿ, ತೊಲೆಗೆ ಬೇರೆಯದನ್ನು ತನ್ನಿ.