‘ಅಮ್ಮನನ್ನು ಕರ್ಕೊಂಡು ಬನ್ನಿ’ ಅಂತ ಡಾಕ್ಟರ್ ಯಾಕೆ ಅಂದರು?

ಪ್ರಶ್ನೆ: ನನಗೆ 34 ವರ್ಷ, ಬೆಂಗಳೂರಿನಲ್ಲಿ ಐಟಿ ಕೆಲಸ. ಹಿಡಿದ ಕೆಲಸ ಅರ್ಧಕ್ಕೇ ಬಿಡುತ್ತೇನೆ. ಮೀಟಿಂಗಿನಲ್ಲಿ ಕೂತರೆ ಮನಸ್ಸು ಎಲ್ಲೋ ಹೋಗಿರುತ್ತೆ. ದುಡ್ಡಿದ್ದೂ ಕರೆಂಟ್ ಬಿಲ್ ಕಟ್ಟೋದು ಮರೆತು ಎರಡು ಸಲ ಫ್ಯೂಸ್ ಕಿತ್ತುಕೊಂಡು ಹೋಗಿದ್ದಾರೆ. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಸುವ ತೊಂದರೆ ಇರಬಹುದಾ ಅಂತ ಮನೋವೈದ್ಯರ ಹತ್ತಿರ ಹೋದೆ. ಸ್ಕ್ಯಾನೂ ಇಲ್ಲ, ಮಾತ್ರೆಯೂ ಇಲ್ಲ. ‘ಮುಂದಿನ ಸಲ ಅಮ್ಮನನ್ನು ಕರ್ಕೊಂಡು ಬನ್ನಿ, ಪ್ರೈಮರಿ ಸ್ಕೂಲಿನ ಮಾರ್ಕ್ಸ್ ಕಾರ್ಡ್ ಇದ್ದರೆ ತನ್ನಿ’ ಅಂದರು. ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ?

ಉತ್ತರ: ಒಳ್ಳೆಯ ಡಾಕ್ಟರ್ ಸಿಕ್ಕಿದ್ದಾರೆ, ಬಿಡಬೇಡಿ.

ಎಡಿಎಚ್‌ಡಿ ಮೂವತ್ತು ದಾಟಿದ ಮೇಲೆ ಹೊಸದಾಗಿ ಅಂಟಿಕೊಳ್ಳುವಂಥದ್ದಲ್ಲ. ಮೆದುಳು ಬೆಳೆಯುವ ಕಾಲದಲ್ಲೇ ಶುರುವಾಗಿರುತ್ತೆ. ವೈದ್ಯರು ಬಳಸುವ ಡಿಎಸ್‌ಎಂ-5 ಎಂಬ ಅಮೆರಿಕದ ಕೈಪಿಡಿ 2013ರಲ್ಲಿ ಬಂತು. ಅದರ ಪ್ರಕಾರ 12 ವರ್ಷದೊಳಗೇ ಕೆಲವು ಲಕ್ಷಣ ಕಂಡಿರಬೇಕು. ಹಿಂದಿನ ಆವೃತ್ತಿಯಲ್ಲಿ ಇದು 7 ವರ್ಷ ಇತ್ತು. ಗಮನ ನಿಲ್ಲದಿರುವುದಕ್ಕೆ 9 ಲಕ್ಷಣ, ಚಡಪಡಿಕೆ ಮತ್ತು ದುಡುಕಿಗೆ 9 ಲಕ್ಷಣ ಪಟ್ಟಿ ಮಾಡಿದ್ದಾರೆ. ದೊಡ್ಡವರಲ್ಲಿ ಯಾವುದಾದರೂ ಒಂದು ಪಟ್ಟಿಯ 5 ಆದರೂ ಆರು ತಿಂಗಳಿಂದ ಇರಬೇಕು. ಆಫೀಸಿನಲ್ಲಿ ಮಾತ್ರ ಇದ್ದು ಮನೆಯಲ್ಲಿ ಎಲ್ಲ ಸರಿ ಇದ್ದರೆ ಅದು ಎಡಿಎಚ್‌ಡಿ ಅಲ್ಲ, ಬಹುಶಃ ಆಫೀಸೇ ಸರಿ ಇಲ್ಲ.

ರಕ್ತಪರೀಕ್ಷೆಯಲ್ಲಿ ಇದು ಸಿಗಲ್ಲ. ಎಂಆರ್‌ಐನಲ್ಲೂ ಸಿಗಲ್ಲ. ಇರುವ ಸಾಕ್ಷಿ ಅಂದರೆ ನಿಮ್ಮ ಬಾಲ್ಯ. ಅದನ್ನು ಹತ್ತಿರದಿಂದ ನೋಡಿದವರು ನೀವಲ್ಲ, ನಿಮ್ಮಮ್ಮ.

ಐದನೇ ಕ್ಲಾಸಿನಲ್ಲಿ ಹೇಗಿದ್ದಿರಿ ಅಂತ ನಿಮ್ಮನ್ನೇ ಕೇಳಿದರೆ ‘ನಾರ್ಮಲ್ ಆಗೇ ಇದ್ದೆ ಸಾರ್’ ಅಂತೀರಿ. ಅಮ್ಮನನ್ನು ಕೇಳಿದರೆ ಉತ್ತರ ಬೇರೆ. ‘ಇವನಿಗೆ ಕೊಟ್ಟ ವಾಟರ್ ಬಾಟಲ್ ಒಂದಾದರೂ ವಾಪಸ್ ಬಂದಿದ್ದರೆ ಕೇಳಿ. ಹೋಂವರ್ಕಿಗೆ ಕೂರಿಸಿ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಬೀದಿಯಲ್ಲಿ ಇರುತ್ತಿದ್ದ.’ ಮಾರ್ಕ್ಸ್ ಕಾರ್ಡಿನಲ್ಲಿ ಡಾಕ್ಟರ್ ಅಂಕ ನೋಡುವುದಿಲ್ಲ. ಕೆಳಗೆ ಕೆಂಪು ಶಾಯಿಯಲ್ಲಿ ಮೇಷ್ಟ್ರು ಬರೆದ ಒಂದು ಸಾಲು ನೋಡುತ್ತಾರೆ: ‘ಬುದ್ಧಿವಂತ, ಆದರೆ ಗಮನ ಸಾಲದು.’ ಆ ಸಾಲು ಮೂರು ವರ್ಷ, ಮೂರು ಬೇರೆ ಬೇರೆ ಮೇಷ್ಟ್ರ ಅಕ್ಷರದಲ್ಲಿ ಇದ್ದರೆ ಅದಕ್ಕೊಂದು ತೂಕ ಬರುತ್ತೆ.

ಹೆಣ್ಣುಮಕ್ಕಳ ವಿಷಯದಲ್ಲಿ ಆ ಸಾಲು ಕೂಡ ಇರುವುದಿಲ್ಲ. ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತಾ ಕೂತ ಹುಡುಗಿಯನ್ನು ಯಾರು ಗಮನಿಸುತ್ತಾರೆ? ‘ಪಾಪ, ತುಂಬಾ ಸೈಲೆಂಟು’ ಅಂತಾರೆ ಅಷ್ಟೇ. ಎಷ್ಟೋ ಹೆಂಗಸರಿಗೆ ತಮಗೂ ಇದೆ ಅಂತ ಗೊತ್ತಾಗುವುದು ಮಗುವಿಗೆ ಎಡಿಎಚ್‌ಡಿ ಅಂತ ತೋರಿಸಲು ಹೋದಾಗ. ಇದು ವಂಶದಲ್ಲಿ ಬರುವುದು ಜಾಸ್ತಿ. ಅದಕ್ಕೇ ನಿಮ್ಮಮ್ಮ ಮಾತಿನ ನಡುವೆ ‘ಅವರಪ್ಪನೂ ಹಿಂಗೇನೇ’ ಅಂದರೆ ಡಾಕ್ಟರ್ ಅದನ್ನೂ ಬರೆದುಕೊಳ್ಳುತ್ತಾರೆ.

ಹಾಗಾದರೆ ಇಷ್ಟು ವರ್ಷ ಯಾಕೆ ಗೊತ್ತಾಗಲಿಲ್ಲ? ಬ್ಯಾಗ್ ಜೋಡಿಸಲು, ಎಬ್ಬಿಸಲು, ಪಕ್ಕದಲ್ಲಿ ಕೂತು ಓದಿಸಲು ಅಮ್ಮ ಇದ್ದರು. ಪಿಯುಸಿವರೆಗೆ ಆ ಬಂಡಿ ಓಡುತ್ತೆ. ಹಾಸ್ಟೆಲ್ ಸೇರಿದ ಮೇಲೆ ಬ್ಯಾಕ್ ಶುರು, ಕೆಲಸಕ್ಕೆ ಸೇರಿದ ಮೇಲೆ ಡೆಡ್‌ಲೈನ್ ತಪ್ಪುವುದು ಶುರು.

ಬಾಲ್ಯದ ಬಗ್ಗೆ ಕೇಳಲು ಇನ್ನೊಂದು ಕಾರಣವೂ ಇದೆ. ನಿದ್ದೆ ಕೆಟ್ಟವರಿಗೆ, ಜೋರು ಗೊರಕೆಯ ಜೊತೆ ರಾತ್ರಿ ಉಸಿರು ಕಟ್ಟುವವರಿಗೆ, ಥೈರಾಯ್ಡ್ ಏರುಪೇರಾದವರಿಗೆ, ಆತಂಕ, ಖಿನ್ನತೆ ಅಥವಾ ಕುಡಿತ ಇರುವವರಿಗೆ ಕೂಡ ಗಮನ ನಿಲ್ಲುವುದಿಲ್ಲ. ಚಿಕ್ಕಂದಿನಲ್ಲಿ ಚೆನ್ನಾಗಿದ್ದು ಎರಡು ವರ್ಷದಿಂದ ಮಾತ್ರ ಹೀಗಾಗಿದ್ದರೆ ವೈದ್ಯರು ಮೊದಲು ಇವನ್ನೇ ಹುಡುಕುತ್ತಾರೆ. ರಕ್ತಪರೀಕ್ಷೆ ಬರೆದರೆ ಅದು ಇದಕ್ಕಾಗಿ. ಮೊಬೈಲಿನಲ್ಲಿ ಸಿಗುವ 6 ಪ್ರಶ್ನೆಗಳ ಪಟ್ಟಿಯನ್ನು ನೀವು ತುಂಬಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ಮಾಡಿದ ಒಳ್ಳೆಯ ಪಟ್ಟಿಯೇ ಅದು. ಆದರೆ ಅದು ಜರಡಿ, ತಕ್ಕಡಿ ಅಲ್ಲ. ರೀಲ್ಸ್ ನೋಡಿ ನಿರ್ಧಾರ ಮಾಡುವುದಂತೂ ಬೇಡ. ರೀಲ್ಸ್ ನೋಡುವವರಿಗೆಲ್ಲ ಗಮನದ ತೊಂದರೆ ಇದ್ದೇ ಇರುತ್ತೆ, ಅಲ್ವಾ?

ಎಡಿಎಚ್‌ಡಿ ಹೌದು ಅಂತ ತೀರ್ಮಾನವಾದರೆ ಚಿಕಿತ್ಸೆ ಇದೆ. ಹೆಚ್ಚಾಗಿ ಬಳಸುವ ಮಾತ್ರೆ ಮೀಥೈಲ್‌ಫೆನಿಡೇಟ್. ನುಂಗಿದ ಅರ್ಧ-ಒಂದು ಗಂಟೆಯಲ್ಲಿ ಕೆಲಸ ಶುರು ಮಾಡುತ್ತೆ, ಸಾದಾ ಮಾತ್ರೆ 3-4 ಗಂಟೆ ನಿಲ್ಲುತ್ತೆ. ಹಸಿವು ಕಮ್ಮಿಯಾಗಬಹುದು, ಸಂಜೆ ತಗೊಂಡರೆ ನಿದ್ದೆ ಬಾರದಿರಬಹುದು, ಬಿಪಿ ಸ್ವಲ್ಪ ಏರಬಹುದು. ಅದಕ್ಕೇ ಮೊದಲು ಬಿಪಿ ನೋಡುತ್ತಾರೆ, ಹೃದಯದ ತೊಂದರೆ ಇದೆಯಾ ಅಂತ ಕೇಳುತ್ತಾರೆ. ನಮ್ಮಲ್ಲಿ ಇದು ಶೆಡ್ಯೂಲ್ ಎಕ್ಸ್ ಔಷಧಿ, ಅಂದರೆ ಮಾರಾಟಕ್ಕೆ ಬಿಗಿ ನಿಯಮ ಇರುವ ಪಟ್ಟಿಯದು. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಬೀದಿ ಕೊನೆಯ ಮೆಡಿಕಲ್ ಸ್ಟೋರಿನಲ್ಲಿ ‘ಇಲ್ಲ’ ಅಂದರೆ ಗಾಬರಿಯಾಗಬೇಡಿ. ಗೆಳೆಯನ ಹತ್ತಿರ ಇದೆ ಅಂತ ಒಂದು ಇಸ್ಕೊಳ್ಳಲೂ ಬೇಡಿ. ಇದು ಹೊಂದದವರಿಗೆ ಆಟೊಮಾಕ್ಸೆಟಿನ್ ಕೊಡುತ್ತಾರೆ. ಅದರ ಪೂರ್ತಿ ಗುಣ ಕಾಣಲು ಕೆಲವು ವಾರ ಬೇಕು.

ಮಾತ್ರೆ ಗಮನ ಕೊಡುತ್ತೆ, ಬಿಲ್ ಕಟ್ಟುವುದಿಲ್ಲ. ಅದಕ್ಕೆ ಕರೆಂಟ್ ಬಿಲ್ ಆಟೋ-ಪೇಗೆ ಹಾಕಿ, ಕೀಲಿಗೆ ಬಾಗಿಲ ಪಕ್ಕ ಒಂದೇ ಮೊಳೆ ಹೊಡೆಯಿರಿ. ಇಂಥ ಅಭ್ಯಾಸಗಳನ್ನು ಒಂದೊಂದಾಗಿ ಕಟ್ಟಲು ಮನಶ್ಶಾಸ್ತ್ರಜ್ಞರ ಜೊತೆ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ ಮಾಡಬಹುದು.

ಊರುಗಳಲ್ಲಿ ಇರುವವರು ಯಾರನ್ನು ನೋಡಬೇಕು ಅಂತ ತಿಳಿಯಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಅಮ್ಮನಿಗೆ ಬರಲು ಆಗದಿದ್ದರೆ ವಿಡಿಯೋ ಕಾಲ್ ಆಗುತ್ತಾ ಅಂತ ಡಾಕ್ಟರನ್ನು ಕೇಳಿ. ಅಕ್ಕ, ಚಿಕ್ಕಪ್ಪ ಬಂದರೂ ನಡೆಯುತ್ತೆ. ಮತ್ತೆ, ಮಾರ್ಕ್ಸ್ ಕಾರ್ಡ್ ಹುಡುಕುವ ಕೆಲಸ ಮಾತ್ರ ಅಮ್ಮನಿಗೇ ಬಿಡಿ. ನೀವು ಅಟ್ಟ ಹತ್ತಿದರೆ ಹಳೇ ಫೋಟೋ ಆಲ್ಬಂ ನೋಡುತ್ತಾ ಅಲ್ಲೇ ಕೂತುಬಿಡ್ತೀರಿ.